ತೆರೆಯದ ಫೈಲು, ಕುದಿಸಿದ ನಕ್ಷೆ

ಸತ್ಯನಾರಾಯಣಪೇಟೆ, ಬಳ್ಳಾರಿ
ಜೂನ್ 3, 2025, ಮಂಗಳವಾರ

ಪ್ರೀತಿಯ ವಿಶ್ವಾ,

ಪ್ರೀತಿಯ ಎಂದು ಬರೆಯಲು ಇವತ್ತು ಕೈ ಬರಲಿಲ್ಲ. ಬರೀ ಹೆಸರಿನಿಂದ ಶುರು ಮಾಡಿದ್ದೆ. ಪಕ್ಕದಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದ ಅಮ್ಮ ಇಣುಕಿ ನೋಡಿ, "ಹಂಗ ಬರೀಬಾರದು, ಒಡಹುಟ್ಟಿದವ ಅವನು" ಎಂದಳು. ಅವಳಿಗಾಗಿ ಹಾಳೆ ಬದಲಿಸಿ ಬರೆದಿದ್ದೇನೆ, ನಿನಗಾಗಿ ಅಲ್ಲ.

ನೀನು ಹೇಗಿದ್ದೀಯ? ಆ ಅರುಣಾಚಲದ ಬೆಟ್ಟದಲ್ಲಿ, ಸುರಂಗ ಕೊರೆಯುವ ಕ್ಯಾಂಪಿನಲ್ಲಿ, ಹೊಟ್ಟೆಗೆ ಸರಿಯಾಗಿ ಬೀಳುತ್ತಿದೆಯೇ? ಕಳಿಸಿದ ಮೆಂತ್ಯದ ಹಿಟ್ಟು, ಚಟ್ನಿಪುಡಿ ಮುಟ್ಟಿದವೇ? ಗಂಟಲು ನೋವು ಎಂದಿದ್ದೆ, ಕಡಿಮೆಯಾಯಿತೇ? ರಾತ್ರಿ ಅಲ್ಲಿ ಈಗಲೂ ಚಳಿಯಂತೆ. ಅಮ್ಮ ಹೊಲಿದು ಕೊಟ್ಟ ಕೌದಿ ಹೊದ್ದುಕೊಳ್ಳುತ್ತೀಯ ತಾನೇ? ನಿನ್ನ ಕೊಳಕು ಬುದ್ಧಿ ನನಗೆ ಗೊತ್ತು. ಒಂದು ವರ್ಷದಿಂದ ಅದಕ್ಕೆ ನೀರು ತೋರಿಸಿರಲಿಕ್ಕಿಲ್ಲ. ಬಿಸಿನೀರಿನಲ್ಲಿ ಸೋಪಿನ ಪುಡಿ ಹಾಕಿ ನೆನೆಸಿ ಒಗೆ. ಇಲ್ಲಿ ಬಿಸಿಲು ಎಂದಿನಂತೆ, ನೆತ್ತಿ ಸುಡುತ್ತಿದೆ. ನನ್ನ ಬಿಪಿ ಸರಿಯಾಗಿತ್ತು, ಹೋದ ವಾರದವರೆಗೆ. ಅಮ್ಮನ ಆರೋಗ್ಯ ಹೇಗಿದೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ: ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ತಟ್ಟೆಯ ಮುಂದೆ ಕೂರುತ್ತಾಳೆ, ಎರಡು ತುತ್ತು ತಿಂದು ಕೈ ತೊಳೆಯುತ್ತಾಳೆ. ಯಾಕೆಂದು ಓದುತ್ತಾ ಹೋದರೆ ತಿಳಿಯುತ್ತದೆ.

ಈ ಕಾಲದಲ್ಲಿ ಅಕ್ಕ ಪತ್ರ ಯಾಕೆ ಬರೆದಳು ಎಂದು ನಗಬೇಡ. ಎಷ್ಟು ಸಲ ಫೋನ್ ಮಾಡಿದೆ? ಎತ್ತಲಿಲ್ಲ. ಸಿಗ್ನಲ್ ಇಲ್ಲ ಅನ್ನಬೇಡ. ವಾಟ್ಸಾಪಿನಲ್ಲಿ ಉದ್ದಕ್ಕೆ ಬರೆದದ್ದನ್ನು ಓದಿದ್ದೀಯ, ನೀಲಿ ಗೆರೆ ಬಿದ್ದಿದೆ. "ಬಾದನಹಟ್ಟಿ ಫೈಲು ತೆರೆಯುತ್ತಿಲ್ಲ, ಏನು ಮಾಡಲಿ" ಎಂದು ಕೇಳಿದ್ದಕ್ಕೆ ನೀನು ಕಳಿಸಿದ ಉತ್ತರ ಏನು? ಒಂದು ಹೆಬ್ಬೆರಳು. ಆ ಹಳದಿ ಹೆಬ್ಬೆರಳನ್ನು ನೋಡಿದಾಗಿನಿಂದ ನನ್ನ ಮೈ ಉರಿಯುತ್ತಿದೆ ವಿಶ್ವಾ. ಎದುರಿಗಿದ್ದಿದ್ದರೆ ಅದನ್ನು ಹಿಡಿದು ತಿರುಚುತ್ತಿದ್ದೆ. ಅದಕ್ಕೇ ಕಾಗದದ ಮೇಲೆ ಬರೆಯುತ್ತಿದ್ದೇನೆ. ಇದನ್ನು ಓದಲು ಯಾವ ಕಂಪನಿಯ ಅಪ್ಪಣೆಯೂ ಬೇಡ. ಕಣ್ಣಿದ್ದರೆ ಸಾಕು.

ಆದದ್ದು ಇಷ್ಟು. ಹೋದ ವಾರ ಬಾದನಹಟ್ಟಿಯ ಹುಲುಗಮ್ಮ ಬಂದಿದ್ದಳು. ಮರೆತೆಯೇನು? ಹಂಪಯ್ಯನ ಹೆಂಡತಿ. ಹಂಪಯ್ಯ ತೀರಿಕೊಂಡು ಮೂರು ವರ್ಷವಾಯಿತು. ಮಗಳು ಹೇಮಾ ಕುರುಗೋಡಿನಲ್ಲಿ ಹೈಸ್ಕೂಲ್ ಟೀಚರು. ತಾಯಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದಳು. ಬಾಗಿಲಲ್ಲೇ ನಿಂತು ಹುಲುಗಮ್ಮ ಹೇಳಿದಳು: "ಅಕ್ಕಾರೆ, ನಮ್ ಹೊಲ ಬೆಳ್ಳಗಾಗೈತ್ರಿ. ಉಪ್ಪು ಕಾಲಿಗಿ ಹತ್ತತೈತಿ. ದೊಡ್ಡ ಸ್ವಾಮ್ಯಾರು ಬರದ ನಕ್ಷಾ ಒಂದೀಟು ತೋರಸ್ರಿ, ಎಲ್ಲಿ ಅಗೀಬೇಕು ನೋಡ್ಕಂಡು ಹೋಗ್ತೀವಿ." ಅಷ್ಟೇ ಅವಳು ಕೇಳಿದ್ದು. ಒಂದು ನಕ್ಷೆ ನೋಡಲು ಬಂದಿದ್ದಳು, ಸಾಲ ಕೇಳಲಿಕ್ಕಲ್ಲ, ಸಹಾಯ ಬೇಡಲಿಕ್ಕಲ್ಲ.

ಆ ನೆಲದ ಕಥೆ ನಿನಗೆ ನಾನು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ, ನೀನು ಮರೆಯುವುದರಲ್ಲಿ ಗಟ್ಟಿಗ. ಕಾಲುವೆ ನೀರು ಕುಡಿದೂ ಕುಡಿದೂ ಜವಳು ಹಿಡಿದು, ಸವಳು ಮೇಲೆ ಬಂದು, ಬತ್ತದ ಸಸಿ ಹಳದಿಯಾಗಿ ಸಾಯುತ್ತಿದ್ದ ಹೊಲ ಅದು. ಹಂಪಯ್ಯ, ಅಕ್ಕಪಕ್ಕದ ರೈತರು ಸೇರಿ ಒಂದು ಸಂಘ ಮಾಡಿಕೊಂಡು, ನೆಲದೊಳಗೆ ತೂತಿನ ಪೈಪು ಹೂಳಿಸಿ, ಉಪ್ಪುನೀರು ಬಸಿದು ಹಳ್ಳಕ್ಕೆ ಹೋಗುವ ಹಾಗೆ ಮಾಡಿಸಿದರು. ಅಳತೆ ಹಿಡಿದವರು, ನಕ್ಷೆ ಬರೆದವರು ನಮ್ಮಪ್ಪ. ಸರ್ವೆ ರಾಘಣ್ಣ ಎಂದರೆ ಕುರುಗೋಡು, ಸಿರುಗುಪ್ಪದ ಕಡೆ ಇವತ್ತಿಗೂ ಕುರ್ಚಿ ಕೊಡುತ್ತಾರೆ. ಆಗ ನಿನಗೆ ಏಳು ವರ್ಷ. ಬೇಸಿಗೆ ರಜೆಯಲ್ಲಿ ನೀನು ಅಪ್ಪನ ಜೊತೆ ಟೇಪಿನ ತುದಿ ಹಿಡಿಯಲು ಹೋಗುತ್ತಿದ್ದೆ. ಹುಲುಗಮ್ಮ ಬೇವಿನ ಗಿಡದ ಕೆಳಗೆ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚುತ್ತಿದ್ದಳು. ಅಪ್ಪ ಹಂಪಯ್ಯನ ಪಕ್ಕ ಕೂತು ತಿನ್ನುತ್ತಿದ್ದರು, ನಿನಗೂ ಕೊಡುತ್ತಿದ್ದರು. "ಅಜ್ಜಿ ಮುಂದ ಬಾಯಿ ಬಿಡಬ್ಯಾಡ" ಎಂದು ಹೇಳಿ ಕರೆತಂದರೆ, ನೀನು ಮನೆಗೆ ಬಂದ ಕೂಡಲೇ ಅಜ್ಜಿಯ ಮುಂದೆಯೇ ಹೇಳಿದೆ. ಅಂದು ಆದ ರಂಪ ನೆನಪಿದೆ ತಾನೇ? ಅಜ್ಜಿ ಮಡಿಯಲ್ಲಿ ಕೂತು ಅಪ್ಪನನ್ನು ಬಾಯಿಗೆ ಬಂದಂತೆ ಬೈದಳು. ಅಪ್ಪ ಒಳಗೆ ಹೋಗಿ ಆ ಹೊಲದ ನಕ್ಷೆ ಬಿಚ್ಚಿ, ಮೂಲೆಯಲ್ಲಿ ಒಂದು ಬೇವಿನ ಗಿಡ ಬರೆದರು, ಕೆಳಗೆ ಕೂತ ಎರಡು ಸಣ್ಣ ಆಕೃತಿ. ಜೀವಮಾನದಲ್ಲಿ ಅವರು ನಕ್ಷೆಯ ಮೇಲೆ ಚಿತ್ರ ಬರೆದದ್ದು ಅದೊಂದೇ ಸಲ. ಗುರುತಿಗೆ ಗಿಡ ಬೇಕಾಗುತ್ತದೆ ಎಂದರು. ಪೈಪುಗಳೆಲ್ಲ ಬಂದು ಕೂಡುವ ತೊಟ್ಟಿ, ನೇಗಿಲು ತಾಕದಷ್ಟು ಆಳದಲ್ಲಿ ಹೂತದ್ದು, ಆ ಗಿಡದಿಂದ ಎಷ್ಟು ದೂರ, ಯಾವ ದಿಕ್ಕು ಎಂಬುದೆಲ್ಲ ಅಲ್ಲೇ ಬರೆದರು.

ಈಗ ಆ ತೊಟ್ಟಿ ಕಟ್ಟಿಕೊಂಡಿದೆ. ಹಳ್ಳದ ಬಾಯಲ್ಲಿ ಒಂದು ಹನಿ ನೀರು ಬೀಳುತ್ತಿಲ್ಲ. ಗಿಡ ಇದೆ, ತೊಟ್ಟಿ ಎಲ್ಲಿದೆಯೋ ಗೊತ್ತಿಲ್ಲ. ಹೇಮಾ ಅಂದಾಜಿನ ಮೇಲೆ ಜೆಸಿಬಿ ತಂದು ಒಂದು ಕಡೆ ಅಗೆಸಿದರೆ, ತೊಟ್ಟಿ ಸಿಗಲಿಲ್ಲ, ಚೆನ್ನಾಗಿದ್ದ ಪೈಪೊಂದು ಕತ್ತರಿಸಿಹೋಯಿತು. ಹುಲುಗಮ್ಮ ಗುಂಡಿಯ ಬದಿಯಲ್ಲಿ ಕೂತು ಅತ್ತಳಂತೆ. ಇನ್ನು ಕುರುಡರ ಹಾಗೆ ಅಗೆಯುವಂತಿಲ್ಲ. ಜುಲೈನಲ್ಲಿ ಕಾಲುವೆಗೆ ನೀರು ಬಿಡುತ್ತಾರೆ ಎನ್ನುತ್ತಿದ್ದಾರೆ. ಸುತ್ತಲಿನ ಗದ್ದೆಗೆ ನೀರು ನಿಂತ ಮೇಲೆ ಅಲ್ಲಿ ಗುದ್ದಲಿ ಹಾಕುವ ಮಾತೇ ಇಲ್ಲ. ಇನ್ನೊಂದು ವರ್ಷ ಉಪ್ಪು ಕುಡಿದರೆ ಆ ಮೂರೆಕರೆ ಸತ್ತ ಹಾಗೆಯೇ. ಹಂಪಯ್ಯ ಜೀತದ ಮನೆಯಿಂದ ಹೊರಬಂದು ತನ್ನ ಕೈಯಾರೆ ಮಾಡಿಕೊಂಡ ನೆಲ ಅದು. ಹುಲುಗಮ್ಮನಿಗೆ ಬೇರೆ ಇಲ್ಲ.

ನಾನು ಏನು ಮಾಡಿದೆ ಗೊತ್ತೇ? ದೊಡ್ಡ ಜಂಬದಿಂದ, "ಕೂಡ್ರಿ, ಈಗ ತೆಗೆದು ತೋರಸ್ತೀನಿ" ಎಂದು ಅಪ್ಪನ ಕೋಣೆಯ ಕಂಪ್ಯೂಟರ್ ಹಚ್ಚಿದೆ. ಬಾದನಹಟ್ಟಿ ಎಂಬ ಹೆಸರು ಇದೆ. ಒತ್ತಿದರೆ ತೆರೆಯುವುದಿಲ್ಲ. ಹಿಂದೆ ಯಾವುದೋ ಮೂರಕ್ಷರದ ಬಾಲ. ಹೇಮಾ ಹಿಂದಿನಿಂದ ಬಗ್ಗಿ ನೋಡಿ ಮೆತ್ತಗೆ ಕೇಳಿದಳು: "ಮೇಡಂ, ಇದು ಯಾವ ಫಾರ್ಮ್ಯಾಟ್‌ರಿ? ಪಿಡಿಎಫ್ ಇಲ್ಲೇನ್ರಿ?" ನನ್ನ ಮುಖಕ್ಕೆ ಮಂಗಳಾರತಿ ಮಾಡಿದ ಹಾಗಾಯಿತು. ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳು ನಾನು. ಮದ್ರಾಸಿನವರ ಕಾಲದ ಕಾಗದಗಳು ನಮ್ಮಲ್ಲಿವೆ. ಅಂಚನ್ನು ಗೆದ್ದಲು ತಿಂದಿದೆ, ಕೆಲವು ತೆಲುಗಿನಲ್ಲಿವೆ, ಶಾಯಿ ಮಾಸಿದೆ. ಯಾರಾದರೂ ಬಂದು ಕೇಳಿದರೆ ಆ ಹೊತ್ತಿಗೇ ತೆಗೆದು ಓದಿ ಹೇಳುತ್ತೇವೆ. ನಮ್ಮ ಸ್ವಂತ ಮನೆಯಲ್ಲಿ, ಹನ್ನೊಂದು ವರ್ಷದ ಹಿಂದೆ ಕಂಪ್ಯೂಟರಿಗೆ ಹಾಕಿದ್ದನ್ನು ಓದಲು ಆಗಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಆ ದಿನಗಳನ್ನು ನೆನಪು ಮಾಡಿಕೋ. ಇಂಜಿನಿಯರಿಂಗ್ ಮುಗಿಸಿ ಬಂದಿದ್ದೆ, ನೆಲ ಕಾಣುತ್ತಿರಲಿಲ್ಲ ನಿನಗೆ. ಅಪ್ಪನ ನಕ್ಷೆಗಳನ್ನೆಲ್ಲ ಸ್ಕ್ಯಾನ್ ಮಾಡಿ, ಆ ಯಾವುದೋ ಪ್ಯಾಕೇಜಿನಲ್ಲಿ ಗೆರೆ ಗೆರೆಯನ್ನೂ ಬಿಡಿಸಿಟ್ಟೆ. ಕಷ್ಟಪಟ್ಟೆ, ಇಲ್ಲ ಎನ್ನುವುದಿಲ್ಲ. ಆಗಲೇ ನಾನು ಹೇಳಿದ್ದೆ: ಸ್ಕ್ಯಾನ್ ಮಾಡಿದ ಚಿತ್ರಗಳನ್ನು ಹಾಗೇ ಟಿಫ್ ಮಾಡಿ ಇಡು, ದಾಖಲೆ ಇಡಲಿಕ್ಕೆಂದೇ ಪಿಡಿಎಫ್‌ನಲ್ಲಿ ಒಂದು ಬಗೆ ಇದೆ, ಅದರಲ್ಲಿ ಒಂದು ಪ್ರತಿ ಮಾಡು, ಆಳ, ದೂರದ ಅಂಕಿಗಳನ್ನು ಸಾದಾ ಟೆಕ್ಸ್ಟ್‌ನಲ್ಲಿ ಬರೆದಿಡು, ಅದನ್ನು ಎಂಥ ಹಳೆಯ ಕಂಪ್ಯೂಟರೂ ಓದುತ್ತದೆ, ಎಂಥ ಹೊಸದೂ ಓದುತ್ತದೆ. ನೀನು ಏನಂದೆ? "ಅಕ್ಕಾ, ನಿನಗ ತಿಳಿಯೂದಿಲ್ಲ ಬಿಡು. ಟಿಫ್ ಇಟ್ರ ಡಿಸ್ಕ್ ತುಂಬಿ ಹೋಗ್ತದ. ಇದ್ರಾಗ ಲೇಯರ್ ಎಲ್ಲಾ ಉಳೀತಾವ, ಫೈಲೂ ಸಣ್ಣದು." ಆ ಸ್ಕ್ಯಾನುಗಳನ್ನೂ ನೀನು ಅಳಿಸಿಹಾಕಿದೆ. ಅಪ್ಪ ಕನ್ನಡಕ ಏರಿಸಿ ಒಂದೇ ಮಾತು ಕೇಳಿದರು: "ನಾ ಇಲ್ಲದಾಗ ಯಾರರೆ ಬಂದ್ರ ಇದನ್ನ ತೆಗದು ನೋಡ್ಲಿಕ್ಕೆ ಬರ್ತದೇನೋ?" ನೀನು ನಕ್ಕು, "ಒಂದು ಕ್ಲಿಕ್ ಅಪ್ಪಾ" ಎಂದೆ. ಆ ಪ್ಯಾಕೇಜಿಗೆ ಒಂದು ಕೀಲಿ, ಪೆನ್‌ಡ್ರೈವಿನಂಥದ್ದು, ಅದನ್ನು ಸಿಕ್ಕಿಸದೆ ಏನೂ ತೆರೆಯುವುದಿಲ್ಲ. ಆಗಲೇ ನನಗೆ ಸಂಶಯ ಬಂದಿತ್ತು. ನಮ್ಮ ನಕ್ಷೆ, ನಮ್ಮ ಅಪ್ಪನ ಬೆವರು, ಬೀಗದ ಕೈ ಮಾತ್ರ ಇನ್ನೊಬ್ಬರದು. ಎಂಥ ಏರ್ಪಾಡಪ್ಪಾ ಇದು?

ಕಂಪ್ಯೂಟರ್ ಹಾಳಾಗಿಹೋಗಲಿ, ಮೂಲ ನಕ್ಷೆಗಳಿವೆಯಲ್ಲ ಎಂದು ಅಟ್ಟಕ್ಕೆ ಏಣಿ ಹಚ್ಚಿದೆ. ಟ್ರಂಕು ಖಾಲಿ! "ಅಮ್ಮಾ, ಅಪ್ಪನ ಟ್ರೇಸಿಂಗ್ ಬಟ್ಟಿ ಎಲ್ಲಿ" ಎಂದು ಕೇಳಿದರೆ, ಅಮ್ಮ ಸಲೀಸಾಗಿ, "ಕುದಿಸಿದೆನಲ್ಲವಾ" ಎಂದಳು.

ಅವಳನ್ನು ಹೇಗೆ ಬೈಯಲಿ? ನಕ್ಷೆ ಬರೆಯುವವರ ಮನೆಯ ಹೆಂಗಸರೆಲ್ಲರೂ ಮಾಡಿದ ಕೆಲಸವೇ ಅದು. ಟ್ರೇಸಿಂಗ್ ಬಟ್ಟೆ ಎಂದರೆ ನಕ್ಷೆ ಬರೆಯಲೆಂದು ಗಂಜಿ ಕುಡಿಸಿ ಗಾಜಿನ ಹಾಗೆ ಹೊಳೆಯುವಂತೆ ಮಾಡಿದ ಹತ್ತಿ ಬಟ್ಟೆ. ಕುದಿಯುವ ನೀರಿಗೆ ಹಾಕಿದರೆ ಗಂಜಿ, ಶಾಯಿ ಎರಡೂ ಬಿಟ್ಟು ಮಲ್ಲಿನಂತೆ ಮೆತ್ತಗಾಗುತ್ತದೆ. ಅಪ್ಪ ಇದ್ದಾಗ ಕೆಟ್ಟ ಹಾಳೆಗಳನ್ನು ಮಾತ್ರ ಕೊಡುತ್ತಿದ್ದರು. ಹುಟ್ಟಿದಾಗ ನಿನ್ನ ತಲೆಗೆ ಕಟ್ಟಿದ ಕುಲಾವಿ ಆ ಬಟ್ಟೆಯದೇ. ಅಪ್ಪ ಹೋದ ಮೇಲೆ ಒಳ್ಳೆಯ ಹಾಳೆಗಳೂ ಒಂದೊಂದಾಗಿ ಪಾತ್ರೆಗೆ ಬಿದ್ದವು. ಸಂಡಿಗೆ ಒಣಹಾಕುವ ಬಟ್ಟೆಯಾದವು, ತೀರ್ಥ ಸೋಸುವ ಬಟ್ಟೆಯಾದವು. ಯಾಕೆಂದರೆ ನೀನು ಅವಳಿಗೆ ಹೇಳಿದ್ದೆ: "ಎಲ್ಲಾ ಕಂಪ್ಯೂಟರ್‌ನಾಗ ಅದಾವ ಅಮ್ಮಾ, ಅವು ಇನ್ನ ಬರೇ ಬಟ್ಟಿ." ಮಗ ಇಂಜಿನಿಯರು. ಮಗ ಹೇಳಿದ. ತಾಯಿ ನಂಬಿದಳು. ಈಗ ಹುಲುಗಮ್ಮನ ಹೊಲವನ್ನು ತಾನೇ ಒಲೆಯ ಮೇಲಿಟ್ಟು ಕುದಿಸಿದೆ ಎಂದು ಕೂತಿದ್ದಾಳೆ. ಬಾದನಹಟ್ಟಿಯದನ್ನೂ ಕುದಿಸಿದೆಯಾ ಎಂದು ಎಷ್ಟು ಸಲ ಕೇಳಿದರೂ, "ಯಾವ ಊರಿನದೋ ನನಗೇನು ಗೊತ್ತು, ಎಲ್ಲಾ ಇಂಗ್ಲೀಷ್‌ನಾಗ ಬರದಿತ್ತು. ಎಲ್ಲಾ ಕುದಿಸಿದೆ" ಎಂದು ಕಣ್ಣು ಒರೆಸಿಕೊಳ್ಳುತ್ತಾಳೆ. ಅವಳು ಊಟ ಬಿಟ್ಟಿರುವುದು ಇದಕ್ಕೆ.

ನಾನು ಸುಮ್ಮನೆ ಕೂರಲಿಲ್ಲ. ಭಾನುವಾರ ಆ ಕೀಲಿ, ಹಾರ್ಡ್‌ಡಿಸ್ಕ್ ಬ್ಯಾಗಿಗೆ ಹಾಕಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ, ನಿನ್ನ ಗೆಳೆಯ ಹುಲಿಗೇಶನ ಅಂಗಡಿಗೆ. ಅಕ್ಕಿ ಗಿರಣಿಗಳ ಕಂಪ್ಯೂಟರ್ ರಿಪೇರಿ ಮಾಡುವವನ ಹತ್ತಿರ ಹಳೆಯ ಮಶೀನು ಇರುತ್ತದೆ ಎಂದು ಲೆಕ್ಕ ಹಾಕಿದ್ದೆ. ಇತ್ತು. ಧೂಳು ಒರೆಸಿ ಹಚ್ಚಿದ, ಕೀಲಿ ಸಿಕ್ಕಿಸಿದ, ಹಸಿರು ದೀಪವೂ ಬಂತು. ನಾನು ರಾಯರಿಗೆ ಕೈ ಮುಗಿದೆ. ಅಷ್ಟರಲ್ಲಿ ಪರದೆಯ ಮೇಲೆ, ಪರವಾನಗಿ ಮುಗಿದಿದೆ, ಕಂಪನಿಯನ್ನು ಸಂಪರ್ಕಿಸಿ ಎಂದು ಬಂತು. ಕಂಪನಿ ಎಲ್ಲಿದೆ? ಬಾಗಿಲು ಹಾಕಿ ಯಾವ ಕಾಲವಾಯಿತೋ. ಫೋನಿಲ್ಲ, ವಿಳಾಸವಿಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ.

ಇಲ್ಲಿಂದ ಮುಂದಿನದನ್ನು ಅಮ್ಮನಿಗೆ ಓದಿ ಹೇಳುವುದಿಲ್ಲ. ಹುಲಿಗೇಶ ಚಹಾ ತರಿಸಿ, ನನ್ನ ಮುಖ ನೋಡದೆ ಹೇಳಿದ: "ಅಕ್ಕಾ, ಸಿಟ್ಟಾಗಬ್ಯಾಡ್ರಿ. ವಿಶ್ವ ಎರಡು ವರ್ಷದ ಹಿಂದನ ಇವನ್ನ ತಗಂಡು ಬಂದಿದ್ದ. ಆವಾಗೂ ಇದ ಬಂತು. ಮನ್ಯಾಗ ಹೇಳಬ್ಯಾಡ ಅಂದಿದ್ದ."

ಎರಡು ವರ್ಷ! ಗೊತ್ತಿತ್ತು ನಿನಗೆ. ಗೊತ್ತಿದ್ದೂ ನೀನು, ಹೋದ ವರ್ಷ ಅರುಣಾಚಲಕ್ಕೆ ಹೊರಡುವ ಮೊದಲು, ಅಮ್ಮ ಟ್ರಂಕಿನ ತಳದ ಕೊನೆಯ ಕಟ್ಟು ಹಿಡಿದುಕೊಂಡು, "ಇವನ್ನೂ ತಗೊಳ್ಳಲೇನೋ, ನಿನ್ನ ಕೌದಿಗೆ ಬೇಕು" ಎಂದು ಕೇಳಿದಾಗ, ಹೂಂ ಎಂದೆ. ನಾನು ಅಡುಗೆಮನೆಯಲ್ಲಿದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ, ಆಗ ಹಳೆಯ ಸೀರೆಗಳ ಮಾತು ಎಂದುಕೊಂಡಿದ್ದೆ. ಬೇಡ ಅಮ್ಮಾ, ಇಡು ಎನ್ನಲಿಕ್ಕೆ ನಿನಗೆ ಏನು ಬಂದಿತ್ತು? ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ, ಫೈಲು ತೆರೆಯುತ್ತಿಲ್ಲ ಎನ್ನಬೇಕಾಗುತ್ತದೆ, ಅಕ್ಕ ಅಂದೇ ಹೇಳಿದ್ದಳು ಎಂಬ ಮಾತು ಬರುತ್ತದೆ. ಇಷ್ಟೇ ತಾನೇ? ನಿನ್ನ ಮೂಗು ಉಳಿಯಬೇಕು ಎಂದು ಅಪ್ಪನ ಕೊನೆಯ ಹಾಳೆಗಳನ್ನು ಕುದಿನೀರಿಗೆ ಬಿಟ್ಟೆ. ಕಂಪನಿ ಮುಚ್ಚಿದ್ದು ನಿನ್ನ ತಪ್ಪಲ್ಲ. ತಪ್ಪು ಪ್ಯಾಕೇಜು ಆರಿಸಿದ್ದನ್ನೂ ಕ್ಷಮಿಸುತ್ತಿದ್ದೆ, ಹುಡುಗನಿದ್ದೆ, ಹುಮ್ಮಸ್ಸಿತ್ತು. ಈ ಹೂಂ ಎನ್ನುವುದನ್ನು ಹೇಗೆ ಕ್ಷಮಿಸಲಿ? ನೀನೇ ಹೇಳು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡು ನೀರಿನ ಬಾಟಲಿ ಕೊಟ್ಟಳು.

ನಿನ್ನ ಸುರಂಗದ ಅಳತೆಗಳನ್ನು ಈಗ ಯಾವುದರಲ್ಲಿ ಇಡುತ್ತಿದ್ದೀಯೋ ಗೊತ್ತಿಲ್ಲ. ಅದರೊಳಗೆ ನಾಳೆ ರೈಲೋ ನೀರೋ ಹೋಗುತ್ತದೆ, ನೂರು ವರ್ಷ ಇರಬೇಕಾದದ್ದು. ನೀನು ಇಲ್ಲದಾಗ, ನಿನ್ನ ಕಂಪನಿಯೂ ಇಲ್ಲದಾಗ, ಯಾವಳೋ ಒಬ್ಬಳು ಹುಲುಗಮ್ಮ ಬಂದು ತೋರಿಸಿ ಎನ್ನುತ್ತಾಳೆ. ಅವಳಿಗೆ ತೆರೆಯುವ ಹಾಗೆ ಇಡು. ಯಾರ ಕೀಲಿಯೂ ಬೇಡದ, ಎಲ್ಲರೂ ಬಲ್ಲ ಬಗೆಯಲ್ಲಿ ಇಡು. ಎರಡು ಊರಿನಲ್ಲಿ ಇಡು. ಒಂದು ಪ್ರತಿ ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿಸಿ ಇಡು. ವರ್ಷಕ್ಕೊಮ್ಮೆ ತೆರೆದು ನೋಡು. ತೆರೆಯದಿದ್ದರೆ ಅವತ್ತೇ ಬಾಯಿ ಬಿಟ್ಟು ಹೇಳು. ಅಕ್ಕನಿಗೆ ತಿಳಿಯುವುದಿಲ್ಲ ಎಂದು ಈ ಸಲವೂ ಅನ್ನಬೇಡ.

ನಾಳೆ ಹುಲುಗಮ್ಮನ ಮನೆಗೆ ನಾನೇ ಹೋಗಿ, ನಕ್ಷೆ ಇಲ್ಲ ಎಂದು ಹೇಳಿ ಬರಬೇಕು. ಯಾವ ಮುಖ ಹೊತ್ತು ಹೋಗಲಿ ಎಂದು ಯೋಚಿಸುತ್ತಿದ್ದೇನೆ. ಅಪ್ಪ ಆ ಊರಿಗೆ ಹೋದರೆ ಹಂಪಯ್ಯ ದೂರದಿಂದಲೇ, "ನಮ್ಮ ಸ್ವಾಮ್ಯಾರು ಬಂದ್ರು" ಎನ್ನುತ್ತಿದ್ದ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಮಳೆಯಲ್ಲಿ ನೆನೆಯಬೇಡ, ಸುರಂಗದೊಳಗೆ ಹೋಗುವಾಗ ತಲೆಗೆ ಆ ಟೋಪಿ ಹಾಕಿಕೋ. ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ನನ್ನದೂ ಇದೆ, ಎಷ್ಟು ಸಿಟ್ಟಿದ್ದರೂ ಅದು ಇದ್ದೇ ಇರುತ್ತದೆ, ಏನು ಮಾಡಲಿ.

ನಿನ್ನ ಅಕ್ಕ,
ಶ್ರೀವಲ್ಲಿ

ತಾಜಾ ಕಲಂ: ಲಕೋಟೆ ಅಂಟಿಸುವ ಮೊದಲು ಓದಿ ಹೇಳುವುದು ನಮ್ಮ ಮನೆಯ ಪದ್ಧತಿಯಲ್ಲವೇ, ಅಮ್ಮನಿಗೆ ಓದುತ್ತಿದ್ದೆ (ಆ ಹುಲಿಗೇಶನ ಭಾಗ ಬಿಟ್ಟು). ಬೇವಿನ ಗಿಡದ ಮಾತು ಬಂದ ಕೂಡಲೇ ಕೈ ಹಿಡಿದಳು. "ಗಿಡದ ಕೆಳಗ ಇಬ್ಬರು ಕೂತದ್ದೇನು? ಅದನ್ನ ನಾ ಕುದಿಸಿಲ್ಲವಾ! ಅವರು ಬರದ ಚಿತ್ರ ಅಂತ ಕೈ ಬರಲಿಲ್ಲ. ನೀ ನಗ್ತಿ ಅಂತ ಹೇಳಿದ್ದಿಲ್ಲ. ಗಂಜಿಬಟ್ಟಿ, ಗಾಳಿ ಹೋಗೂದಿಲ್ಲ, ಹಂಗ ಅವನ ಕೌದಿ ನಡುವ ಹಾಕಿ ಹೊಲಿದೀನಿ. ಗಿಡ ಅವನ ಎದಿ ಮ್ಯಾಲೆ ಬರೋಹಂಗ." ನಾನು ಊರ ಹೆಸರು ಕೇಳುತ್ತಿದ್ದೆ, ಅವಳಿಗೆ ಗೊತ್ತಿದ್ದದ್ದು ಗಿಡ.

ವಿಶ್ವಾ, ಮೇಲೆ ಕೌದಿ ಒಗೆ ಎಂದು ಬರೆದಿದ್ದೇನಲ್ಲ, ಒಗೆಯಬೇಡ. ಹನಿ ನೀರು ತಾಕಿಸಬೇಡ. ವಾಟ್ಸಾಪಿನಲ್ಲೂ ಈಗಲೇ ಹಾಕುತ್ತೇನೆ, ಹೆಬ್ಬೆರಳು ಕಳಿಸಬೇಡ. ಹಸಿರು ಇಳಕಲ್ ಅಂಚಿನ ಕಡೆಯಿಂದ ಹೊಲಿಗೆ ಬಿಚ್ಚು, ಬ್ಲೇಡಿನಿಂದ ಮೆಲ್ಲಗೆ. ಬೆಳಕಿನಲ್ಲಿ ಹರಡಿ ಫೋಟೋ ತೆಗೆದು ಹೇಮಾಳಿಗೆ, ನನಗೆ, ಹಾಗೇ ಸಾದಾ ಫೋಟೋ ಆಗಿ ಕಳಿಸು. ಅಮ್ಮ ಈಗ ಎರಡನೇ ಸಲ ಅನ್ನ ಹಾಕಿಸಿಕೊಂಡು ಕೂತಿದ್ದಾಳೆ. ನೀನು ಕೌದಿ ಒಗೆದಿಲ್ಲ ತಾನೇ? ಒಗೆದಿದ್ದರೆ ಫೋನು ಅಮ್ಮನಿಗೆ ಮಾಡಬೇಡ, ನನಗೆ ಮಾಡು.